ಯಾದಗಿರಿ ಜಿಲ್ಲೆಯಲ್ಲಿ ಸುಲಿಗೆ ಸಾಲ

ಸುಲಿಗೆ ಸಾಲ ಎಂದರೆ ಸಾಲಗಾರರ ತುರ್ತನ್ನೋ ಅನಕ್ಷರತೆಯನ್ನೋ ಬಳಸಿಕೊಂಡು, ನಿಜವಾದ ಬಡ್ಡಿಯನ್ನು ಮರೆಮಾಚಿ ನೀಡುವ ಹಾಗೂ ಬೆದರಿಕೆ, ಅವಮಾನಗಳ ಮೂಲಕ ವಸೂಲು ಮಾಡುವ ಸಾಲ. ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಜನರು ಖಾಸಗಿ ಲೇವಾದೇವಿದಾರರು, ದಲಾಲಿ ಅಂಗಡಿಗಳು, ವಾರದ ಕಂತಿನ ಗುಂಪು ಸಾಲ ನೀಡುವ ಕಿರುಹಣಕಾಸು ಸಂಸ್ಥೆಗಳು ಮತ್ತು ಮೊಬೈಲ್ ಆ್ಯಪ್‌ಗಳಿಂದ ಸಾಲ ಪಡೆಯುತ್ತಾರೆ. ಇವು ತಮ್ಮಷ್ಟಕ್ಕೆ ಅಕ್ರಮವಲ್ಲ. ಸಾಲ ಕೊಟ್ಟವರು ಯಾರ ಪರವಾನಗಿಯಡಿ ವ್ಯವಹರಿಸುತ್ತಾರೆ ಎಂಬುದರ ಮೇಲೆ ಅನ್ವಯವಾಗುವ ಕಾನೂನೂ ದೂರು ನೀಡಬೇಕಾದ ಕಚೇರಿಯೂ ಬದಲಾಗುತ್ತವೆ.

ಹಿನ್ನೆಲೆ

ಯಾದಗಿರಿಯು 2009ರ ಕೊನೆಯಲ್ಲಿ ಗುಲ್ಬರ್ಗ (ಇಂದಿನ ಕಲಬುರಗಿ) ಜಿಲ್ಲೆಯಿಂದ ಬೇರ್ಪಟ್ಟಿತು. 2011ರ ಜನಗಣತಿಯಂತೆ ಇಲ್ಲಿನ ಸಾಕ್ಷರತೆ ಶೇ 51.83, ಇದು ರಾಜ್ಯದಲ್ಲಿಯೇ ಅತ್ಯಂತ ಕಡಿಮೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯಲು ಬೀಜ, ಗೊಬ್ಬರ, ಔಷಧಿಗಳಿಗೆ ಹಂಗಾಮಿನ ಮೊದಲೇ ಹಣ ಬೇಕಾಗುತ್ತದೆ. ಮಳೆಯಾಶ್ರಿತ ಭೂಮಿಯಲ್ಲಿ ತೊಗರಿ ಕೈಕೊಟ್ಟರೆ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗಳಿಗೆ ಗುಳೆ ಹೋಗುತ್ತವೆ. ದಲಾಲಿ ಅಂಗಡಿಯ ಮುಂಗಡದಲ್ಲಿ ಬಡ್ಡಿಗಿಂತಲೂ ಹೆಚ್ಚಿನ ನಷ್ಟವಾಗುವುದು, ಬೆಳೆಯನ್ನು ಅದೇ ಅಂಗಡಿಗೆ, ಅಲ್ಲಿ ಹೇಳಿದ ದರಕ್ಕೆ ಮಾರಲೇಬೇಕಾದಾಗ. ಕೆಲಸಕ್ಕೆ ಕರೆದೊಯ್ಯುವವರು ಮುಂಗಡ ಕೊಟ್ಟು, ಅದು ತೀರುವವರೆಗೆ ಬಿಟ್ಟುಹೋಗದಂತೆ ಕಟ್ಟಿಹಾಕಿದರೆ ಅದು ಸಾಲವಲ್ಲ. 1976ರ ಜೀತ ಪದ್ಧತಿ (ರದ್ದತಿ) ಕಾಯ್ದೆಯಡಿ ಅಪರಾಧ.

ಗುರುತಿಸುವ ಬಗೆ

ಗ್ರಾಮೀಣ ವ್ಯವಹಾರದಲ್ಲಿ ಬಡ್ಡಿಯನ್ನು ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಎಂದು ಹೇಳುವುದರಿಂದ ಅದು ಹಗುರವಾಗಿ ಕೇಳಿಸುತ್ತದೆ. ಮೂರು ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ ಶೇ 36. ಕರ್ನಾಟಕದಲ್ಲಿ ಪರವಾನಗಿ ಪಡೆದ ಲೇವಾದೇವಿದಾರರಿಗೆ ನಿಗದಿಯಾಗಿರುವ ಗರಿಷ್ಠ ಬಡ್ಡಿ ಭದ್ರತೆಯುಳ್ಳ ಸಾಲಕ್ಕೆ ವರ್ಷಕ್ಕೆ ಶೇ 14, ಭದ್ರತೆಯಿಲ್ಲದ ಸಾಲಕ್ಕೆ ಶೇ 16. ಬಡ್ಡಿಯನ್ನು ಮೊದಲೇ ಮುರಿದುಕೊಳ್ಳುವ ಪದ್ಧತಿ ಇನ್ನೂ ದುಬಾರಿ: 10,000 ರೂಪಾಯಿ ಸಾಲವೆಂದು ಬರೆದು ಕೈಗೆ 9,000 ಕೊಟ್ಟು, ವಾರಕ್ಕೆ 1,000ದಂತೆ ಹತ್ತು ವಾರ ಕಟ್ಟಿಸಿಕೊಂಡರೆ ವಾರ್ಷಿಕ ಬಡ್ಡಿ ಶೇ 100ನ್ನು ದಾಟುತ್ತದೆ. ಸ್ಥಿರ ಬಡ್ಡಿಯೂ ಹೀಗೆಯೇ ದಾರಿ ತಪ್ಪಿಸುತ್ತದೆ. 50,000 ರೂಪಾಯಿಗೆ ಶೇ 12ರಂತೆ ವರ್ಷದ ಬಡ್ಡಿ 6,000 ಸೇರಿಸಿ ಹನ್ನೆರಡು ಕಂತು ಮಾಡಿದರೆ, ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಇಳಿಯದ ಕಾರಣ ನಿಜವಾದ ದರ ಶೇ 21ನ್ನು ಮೀರುತ್ತದೆ.

ಖಾಲಿ ಚೆಕ್ಕು, ಖಾಲಿ ಬಾಂಡ್ ಪೇಪರಿನ ಮೇಲೆ ಹೆಬ್ಬೆಟ್ಟು, ಎಟಿಎಂ ಕಾರ್ಡು ಅಥವಾ ಪಡಿತರ ಚೀಟಿಯ ಒತ್ತೆ, ಸಾಲಕ್ಕೆ ಭದ್ರತೆಯೆಂದು ಬರೆಸಿಕೊಳ್ಳುವ ಹೊಲದ ಕ್ರಯಪತ್ರ, ಕಟ್ಟಿದ ಹಣಕ್ಕೆ ರಸೀದಿ ಕೊಡದಿರುವುದು ಇತರ ಲಕ್ಷಣಗಳು. ಇವುಗಳಲ್ಲಿ ಕ್ರಯಪತ್ರ ಅತ್ಯಂತ ಅಪಾಯಕಾರಿ. ಸಾಲ ತೀರಿದ ಮೇಲೂ ದಾಖಲೆಯಲ್ಲಿ ಹೊಲ ಬೇರೆಯವರ ಹೆಸರಿನಲ್ಲಿಯೇ ಉಳಿಯಬಹುದು.

ಕಿರುಹಣಕಾಸು ಸಂಸ್ಥೆಗಳ ಸಾಲ

ಭಾರತೀಯ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 1ರಿಂದ ಜಾರಿಗೊಳಿಸಿದ ನಿಯಮಗಳ ಪ್ರಕಾರ, ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಭದ್ರತೆಯಿಲ್ಲದೆ ನೀಡುವ ಸಾಲವೇ ಕಿರುಸಾಲ. ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆದಾಯದ ಅರ್ಧವನ್ನು ದಾಟುವಂತಿಲ್ಲ. ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ. ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಸಾಲದ ಕಾರ್ಡು ಕೊಡಬೇಕು. ಬೆಳಿಗ್ಗೆ 9ಕ್ಕೆ ಮೊದಲು ಮತ್ತು ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಕಂತು ಕಟ್ಟಲು ನಿಗದಿಯಾದ ಜಾಗಕ್ಕೆ ಸಾಲಗಾರರು ಸತತ ಎರಡು ಬಾರಿಯಾದರೂ ಬಾರದಿದ್ದಾಗ ಮಾತ್ರ ಸಿಬ್ಬಂದಿ ಮನೆಗೆ ಹೋಗಬಹುದು. ಬೈಗುಳ, ಪದೇಪದೇ ಕರೆ, ಹೆಸರು ಬಹಿರಂಗಪಡಿಸುವುದು, ಬಂಧುಗಳನ್ನು ಪೀಡಿಸುವುದು ನಿಷಿದ್ಧ. ಗುಳೆ ಹೋದವರ ಮನೆಯಲ್ಲಿ ಉಳಿದ ವೃದ್ಧ ತಂದೆತಾಯಿಯರಿಗೂ ಈ ರಕ್ಷಣೆ ಇದೆ. ಆದರೆ ಗುಂಪು ಸಾಲದಲ್ಲಿ ಒತ್ತಡ ಬರುವುದು ಸಿಬ್ಬಂದಿಯಿಂದ ಮಾತ್ರವಲ್ಲ; ಒಬ್ಬರ ಕಂತು ತಪ್ಪಿದರೆ ಓಣಿಯ ಇತರ ಸದಸ್ಯೆಯರೇ ಬಂದು ಬಾಗಿಲಲ್ಲಿ ಕೂರುವ ಸ್ಥಿತಿ ಉಂಟಾಗುತ್ತದೆ.

2025ರ ಕಾನೂನು

2025ರ ಜನವರಿಯಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ವಸೂಲಿ ಕಿರುಕುಳ, ಊರು ತೊರೆದ ಕುಟುಂಬಗಳು ಮತ್ತು ಆತ್ಮಹತ್ಯೆಗಳ ವರದಿಗಳು ಬಂದವು. ಸರ್ಕಾರ ರೂಪಿಸಿದ ಸುಗ್ರೀವಾಜ್ಞೆಯನ್ನು ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಒಮ್ಮೆ ಹಿಂತಿರುಗಿಸಿ, ಫೆಬ್ರುವರಿ 12ರಂದು ಅಂಕಿತ ಹಾಕಿದರು. ಬಳಿಕ ವಿಧಾನಮಂಡಲ ಅದನ್ನು ಕಾಯ್ದೆಯಾಗಿಸಿತು. ಅದರಂತೆ ಸಾಲ ನೀಡುವ ಸಂಸ್ಥೆಗಳು ಜಿಲ್ಲಾಡಳಿತದಲ್ಲಿ ನೋಂದಾಯಿಸಿಕೊಳ್ಳಬೇಕು. ಬಲವಂತದ ವಸೂಲಿಗೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡವಿದೆ. ಪೊಲೀಸರು ದೂರು ನಿರಾಕರಿಸುವಂತಿಲ್ಲ. ನೋಂದಣಿಯಾಗಲಿ ಪರವಾನಗಿಯಾಗಲಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ, ಬಡ್ಡಿಸಹಿತ ತೀರಿದಂತೆಯೇ. ಇದನ್ನು ಎಲ್ಲ ಸಾಲಗಳ ಮನ್ನಾ ಎಂದು ತಿಳಿಯುವುದು ತಪ್ಪು: ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಸಂಸ್ಥೆಗಳು ಈ ಕಾಯ್ದೆಯ ವ್ಯಾಪ್ತಿಯ ಹೊರಗಿವೆ, ಅವುಗಳ ಸಾಲ ತೀರಿಸಲೇಬೇಕು.

ದೂರು

ಬೆದರಿಕೆ, ಹಲ್ಲೆ, ಮನೆಗೆ ಬೀಗ ಹಾಕುವಂಥ ಕೃತ್ಯ ಯಾರಿಂದಲೇ ನಡೆದರೂ 112ಕ್ಕೆ ಕರೆ ಮಾಡಬಹುದು, ಠಾಣೆಯಲ್ಲಿ ದೂರು ಕೊಡಬಹುದು. ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಸಂಸ್ಥೆಯಾದರೆ ಮೊದಲು ಸಂಸ್ಥೆಗೇ ಲಿಖಿತ ದೂರು ನೀಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು, ಮಾಹಿತಿಗೆ 14448. ಖಾಸಗಿ ಲೇವಾದೇವಿದಾರರಿಗೆ ಪರವಾನಗಿ ಇದೆಯೇ ಎಂಬುದು ಸಹಕಾರ ಇಲಾಖೆಯಲ್ಲಿ ತಿಳಿಯುತ್ತದೆ. ಪರವಾನಗಿ ಇಲ್ಲದವರ ವಿರುದ್ಧ 1961ರ ಲೇವಾದೇವಿದಾರರ ಕಾಯ್ದೆ ಮತ್ತು 2004ರ ವಿಪರೀತ ಬಡ್ಡಿ ನಿಷೇಧ ಕಾಯ್ದೆಯ ಮೊರೆ ಹೋಗಬಹುದು. ಆ್ಯಪ್ ಸಾಲದಲ್ಲಿ ಚಿತ್ರ ತಿರುಚಿ ಹೆದರಿಸಿದರೆ ಸೈಬರ್ ಸಹಾಯವಾಣಿ 1930. ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಕಾನೂನು ಸೇವಾ ಪ್ರಾಧಿಕಾರದಿಂದ ದೊರೆಯುತ್ತದೆ (15100).

ಸಾಲದ ಕಾರ್ಡು, ಕಂತಿನ ರಸೀದಿ, ಫೋನ್‌ಪೇ ಪಾವತಿಯ ವಿವರ, ಕರೆಗಳ ಧ್ವನಿಮುದ್ರಣ ಹಾಗೂ ಬಂದವರ ಹೆಸರು, ದಿನ, ಹೊತ್ತನ್ನು ಬರೆದಿಟ್ಟ ಚೀಟಿ ದೂರಿಗೆ ಆಧಾರವಾಗುತ್ತವೆ. ಮೂಲ ಕಾಗದಗಳನ್ನು ತಮ್ಮಲ್ಲಿಯೇ ಇಟ್ಟುಕೊಂಡು ಪ್ರತಿಗಳನ್ನು ಕೊಟ್ಟು, ಸ್ವೀಕೃತಿ ಪಡೆಯಬೇಕು.