ಬೇಸ್ ಗಿಟಾರಿನ ಪೇಟೆಯ ಪೂರ್ವೋತ್ತರ

ಬೇಸ್ ಗಿಟಾರನ್ನು ಕೊಳ್ಳಹೊರಟವನು ಇಂದು ಯಾವ ದೇಶದವನೇ ಆಗಿರಲಿ, ಬಲ್ಲವರ ಸಲಹೆಯನ್ನು ಕೇಳಿದೊಡನೆ ಅವನಿಗೆ ಮೊದಲು ಎದುರಾಗುವ ಪ್ರಶ್ನೆ, ಅಂಗಡಿಯಿಂದ ಹೊಸದನ್ನು ತರುವುದೋ ಅಥವಾ ಮತ್ತೊಬ್ಬರ ಕೈಯಲ್ಲಿ ಪಳಗಿದ ಸೆಕೆಂಡ್ ಹ್ಯಾಂಡ್ ವಾದ್ಯವನ್ನು ಹುಡುಕುವುದೋ ಎಂಬುದು. ಇಟಲಿಯ ಕ್ರೆಮೋನಾ ನಗರದ ಪಿಟೀಲುಗಳಿಗೆ ಮುನ್ನೂರು ವರ್ಷಗಳ ವಯಸ್ಸೇ ಬೆಲೆಯನ್ನು ತಂದಿತೆಂದರೆ ಒಪ್ಪಬಹುದು. ಆದರೆ 1951ರಲ್ಲಿ ಹುಟ್ಟಿ, ಕಾರ್ಖಾನೆಯ ಸಾಲುಮೇಜುಗಳ ಮೇಲೆ ನೂರಾರು ಸಂಖ್ಯೆಯಲ್ಲಿ ಸಿದ್ಧವಾಗಿ, ಹಾಳಾದ ಭಾಗವನ್ನು ಬಿಚ್ಚಿ ಎಸೆದು ಬೇರೊಂದನ್ನು ಜೋಡಿಸಿಕೊಳ್ಳಲೆಂದೇ ರೂಪಿತವಾದ ಯಂತ್ರಸದೃಶವಾದ ವಾದ್ಯವೊಂದು ಹಳೆಯದಾದಷ್ಟೂ ದುಬಾರಿಯಾಗುತ್ತ ಬಂದುದು ಹೇಗೆಂಬುದು ವಿಚಾರಾರ್ಹವಾದ ವಿಷಯ. ಅದರ ಕಾರಣವನ್ನು ಹುಡುಕುವವನು ಮರದ ಗುಣಕ್ಕಿಂತ ಹೆಚ್ಚಾಗಿ ಒಂದು ಕ್ರಯಪತ್ರವನ್ನು ಪರಿಶೀಲಿಸಬೇಕಾಗುತ್ತದೆಂಬುದು ನನ್ನ ಅಭಿಪ್ರಾಯ.

ವಿದ್ಯುತ್ತಿನಿಂದ ನುಡಿಯುವ, ಫ್ರೆಟ್ಟುಗಳುಳ್ಳ ಬೇಸ್ ವಾದ್ಯವೊಂದನ್ನು ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬಾತನು 1930ರ ದಶಕದಲ್ಲಿಯೇ ನಿರ್ಮಿಸಿ ಮಾರಿದ್ದನಾದರೂ, ಆ ಪ್ರಯತ್ನವು ಲೋಕದ ಗಮನಕ್ಕೆ ಬೀಳದೆ ಹೋಯಿತು. ಅಂಥ ವಾದ್ಯಕ್ಕೆ ಲೋಕಪ್ರಸಿದ್ಧಿಯನ್ನು ತಂದವನು ಕ್ಯಾಲಿಫೋರ್ನಿಯದ ಫುಲರ್‌ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿಯನ್ನಿಟ್ಟುಕೊಂಡಿದ್ದ ಲಿಯೋ ಫೆಂಡರ್. ಈತನು ಲೆಕ್ಕಪತ್ರದ ವೃತ್ತಿಯಲ್ಲಿ ಶಿಕ್ಷಣ ಪಡೆದು, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕೆಲಸವನ್ನು ಕಳೆದುಕೊಂಡು, ತನಗೆ ಪ್ರಿಯವಾದ ವಿದ್ಯುದುಪಕರಣಗಳ ಕಡೆಗೆ ತಿರುಗಿದವನು. ಗಿಟಾರನ್ನು ನುಡಿಸಲು ಮಾತ್ರ ಕಡೆಯವರೆಗೂ ಬಾರದು. ಬಾರದಿದ್ದುದೇ ಒಳ್ಳೆಯದಾಯಿತೇನೋ, ಏಕೆಂದರೆ ನುಡಿಸುವವರ ಪರಂಪರಾಗತವಾದ ಪೂರ್ವಗ್ರಹಗಳು ಯಾವುವೂ ಆತನನ್ನು ಬಾಧಿಸಲಿಲ್ಲ. ಆಳೆತ್ತರದ ಡಬಲ್ ಬೇಸನ್ನು ಊರಿಂದೂರಿಗೆ ಹೊತ್ತು, ವಿದ್ಯುತ್ ಗಿಟಾರುಗಳ ಅಬ್ಬರದ ನಡುವೆ ತನ್ನ ಸ್ವರ ತನಗೇ ಕೇಳಿಸದೆ ಪರದಾಡುತ್ತಿದ್ದ ವಾದಕನಿಗೆ, ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ಒಂದು ಹಲಗೆಯ ಮೇಲೆ 34 ಅಂಗುಲ ಉದ್ದದ ನಾಲ್ಕು ತಂತಿಗಳನ್ನು ಬಿಗಿದು, ವೀಣೆಯ ಮೆಟ್ಟಿಲುಗಳಂತೆ ಸ್ವರಸ್ಥಾನವನ್ನು ನಿಶ್ಚಯಿಸಿಕೊಡುವ 20 ಫ್ರೆಟ್ಟುಗಳನ್ನು ಕೂರಿಸಿ, 1951ರಲ್ಲಿ ಆತನು ಕೊಟ್ಟ ವಾದ್ಯವೇ ಪ್ರಿಸಿಷನ್ ಬೇಸ್. ಇದರ ನೆಕ್ಕನ್ನು, ಅಂದರೆ ಕತ್ತಿನ ಭಾಗವನ್ನು, ಅಂಟಿನಿಂದ ಶಾಶ್ವತವಾಗಿ ಕೂಡಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿಯಲಾಗಿತ್ತು. ಸವೆದರೆ ಬಿಚ್ಚಿ ಹೊಸದನ್ನು ಹಾಕಿಸಿಕೊಳ್ಳಲಿ ಎಂಬುದೇ ಅದರ ಉದ್ದೇಶ. ತನ್ನ ಸರಕು ಮುಂದೊಂದು ದಿನ ಗಾಜಿನ ಪೆಟ್ಟಿಗೆಯೊಳಗೆ ಆರಾಧ್ಯವಸ್ತುವಾಗಿ ನಿಲ್ಲುವುದೆಂದು ಲಿಯೋ ಫೆಂಡರನಿಗೆ ಯಾರಾದರೂ ಹೇಳಿದ್ದರೆ ಆತನು ನಕ್ಕುಬಿಡುತ್ತಿದ್ದನೆಂದು ತೋರುತ್ತದೆ.

ಮೊದಲ ಹದಿನೈದು ವರ್ಷಗಳ ಕಾಲ ಬಳಸಿದ ಬೇಸ್ ಎಂದರೆ ಅಗ್ಗದ ಬೇಸ್ ಎಂದಷ್ಟೇ ಅರ್ಥ. ಹೊಸದನ್ನು ಕೊಳ್ಳಲು ಕೈಯಲ್ಲಿ ಹಣವಿಲ್ಲದವನು ಗಿರವಿ ಅಂಗಡಿಯಲ್ಲಿಯೋ ಸಹವಾದಕನ ಮನೆಯಲ್ಲಿಯೋ ಹಳೆಯದನ್ನು ಹುಡುಕಿಕೊಳ್ಳುತ್ತಿದ್ದನು, ಮತ್ತು ಇಂಥವರಲ್ಲಿ ಕೆಲವರು ಈ ವಾದ್ಯದ ಚರಿತ್ರೆಯನ್ನೇ ಬರೆದವರು. ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಧ್ವನಿಮುದ್ರಿಕೆಗಳಿಗೆ ಜೀವನಾಡಿಯಂತಿದ್ದ ಜೇಮ್ಸ್ ಜೇಮರ್‌ಸನ್ನನ ಮೊದಲ ಫೆಂಡರ್ ಮತ್ತೊಬ್ಬ ಬೇಸ್ ವಾದಕನಿಂದ ಬಂದುದು. ಅದಕ್ಕೆ ಮೇಲಿಂದ ಕಪ್ಪುಬಣ್ಣ ಬಳಿಯಲಾಗಿತ್ತು. ಬ್ರಿಟನ್ನಿನಲ್ಲಂತೂ, ಮಹಾಯುದ್ಧದ ಅನಂತರದ ಡಾಲರಿನ ಅಭಾವದಿಂದ ಅಮೆರಿಕದ ವಾದ್ಯಗಳ ಆಮದಿಗೆ 1959ರವರೆಗೂ ನಿರ್ಬಂಧವಿದ್ದುದರಿಂದ, ಅಲ್ಲಿನ ತರುಣರಿಗೆ ಫೆಂಡರ್ ಎಂಬುದು ಚಿತ್ರಪಟದಲ್ಲಿ ಕಂಡು ನಿಟ್ಟುಸಿರಿಡುವ ಪದಾರ್ಥವಾಗಿತ್ತು. ರೋಲಿಂಗ್ ಸ್ಟೋನ್ಸ್ ತಂಡದವನೆಂದು ಮುಂದೆ ಖ್ಯಾತನಾದ ಬಿಲ್ ವೈಮನ್ 1961ರಲ್ಲಿ ಒಂದು ಅಗ್ಗದ ಹಳೆಯ ಬೇಸನ್ನು ಕೊಂಡು, ಒಡಲನ್ನು ಗರಗಸದಿಂದ ಕೊಯ್ದು ಚಿಕ್ಕದುಮಾಡಿ, ಸವೆದ ಫ್ರೆಟ್ಟುಗಳನ್ನು ಹೊಸದಾಗಿ ಹಾಕಿಸಬೇಕೆಂದು ಕಿತ್ತುಹಾಕಿದನು. ಕಿತ್ತ ಮೇಲೆ ಕೇಳಿಬಂದ ನಾದವೇ ಸೊಗಸಾಗಿದೆಯೆನಿಸಿ ಹಾಗೆಯೇ ಬಿಟ್ಟನು. ಅದೇ ವರ್ಷ ಹ್ಯಾಂಬರ್ಗಿನಲ್ಲಿದ್ದ ಪಾಲ್ ಮೆಕಾರ್ಟ್ನಿ ಹೊಸದನ್ನೇ ಕೊಂಡನಾದರೂ, ಆತನು ಆರಿಸಿದ್ದು ಫೆಂಡರಿನ ಬೆಲೆಯ ಮೂರನೆಯ ಒಂದು ಪಾಲಿಗೆ, ಅಂದರೆ ಸುಮಾರು 30 ಪೌಂಡುಗಳಿಗೆ ದೊರೆಯುತ್ತಿದ್ದ, ಪಿಟೀಲಿನ ಆಕೃತಿಯ ಹೋಫ್ನರ್ ಎಂಬ ಜರ್ಮನ್ ವಾದ್ಯವನ್ನು. ಇವರಾರೂ ಹಳತು ಹೊಸತುಗಳ ತಾರತಮ್ಯವನ್ನು ಕುರಿತು ಮೀಮಾಂಸೆ ನಡೆಸಿದವರಲ್ಲ; ಜೇಬು ಹೇಳಿದಂತೆ ಕೇಳಿದವರು.

ಮೀಮಾಂಸೆ ಆರಂಭವಾದುದು 1965ರ ಜನವರಿಯಲ್ಲಿ. ಅನಾರೋಗ್ಯದಿಂದ ಬಳಲಿದ್ದ ಲಿಯೋ ಫೆಂಡರ್ ತನ್ನ ಕಾರ್ಖಾನೆಯನ್ನು ಕೊಲಂಬಿಯಾ ಬ್ರಾಡ್‌ಕಾಸ್ಟಿಂಗ್, ಅಂದರೆ ಸಿಬಿಎಸ್ ಎಂಬ ಪ್ರಸಾರಸಂಸ್ಥೆಗೆ 130 ಲಕ್ಷ ಡಾಲರುಗಳಿಗೆ ಮಾರಿದನು. ಹಿಂದಿನ ವರ್ಷವಷ್ಟೆ ಅದೇ ಸಂಸ್ಥೆ ನ್ಯೂಯಾರ್ಕಿನ ಹೆಸರಾಂತ ಬೇಸ್‌ಬಾಲ್ ತಂಡದ ಶೇಕಡ 80 ಪಾಲನ್ನು 112 ಲಕ್ಷಕ್ಕೆ ಕೊಂಡಿತ್ತೆಂಬುದನ್ನು ನೆನೆದರೆ, ಆ ಕಾಲದ ಅಮೆರಿಕದಲ್ಲಿ ಗಿಟಾರಿನ ಜ್ವರ ಎಷ್ಟಿತ್ತೆಂಬುದು ವೇದ್ಯವಾಗುತ್ತದೆ. ಹೊಸ ಯಜಮಾನರು ತಯಾರಿಕೆಯನ್ನು ಹೆಚ್ಚಿಸಿದರು; 1960ರ ದಶಕ ಮುಗಿಯುವ ವೇಳೆಗೆ ತೆಳುವಾದ ನೈಟ್ರೋಸೆಲ್ಯುಲೋಸ್ ಮೆರುಗೆಣ್ಣೆಯ ಸ್ಥಾನದಲ್ಲಿ ಗಾಜಿನ ಹೊದಿಕೆಯಂತೆ ದಪ್ಪವಾಗಿ ಕೂರುವ ಪಾಲಿಯೆಸ್ಟರ್ ಲೇಪ ಬಂದಿತು; ಕೆಲವು ಮಾದರಿಗಳಲ್ಲಿ ನೆಕ್ಕನ್ನು ಹಿಡಿಯುವ ಸ್ಕ್ರೂಗಳು ನಾಲ್ಕರಿಂದ ಮೂರಕ್ಕಿಳಿದು, ಜೋಡಣೆ ಸಡಿಲವೆಂಬ ದೂರುಗಳೆದ್ದವು. ಇವೆಲ್ಲ ಒಂದೇ ದಿನದಲ್ಲಿ ನಡೆದುವಲ್ಲ. 1965ರ ವಸಂತದಲ್ಲಿ ಹೊರಬಂದ ಬೇಸಿಗೂ ಹಿಂದಿನ ವರ್ಷದ ಬೇಸಿಗೂ ಕೈ ಒಂದೇ, ಮರ ಒಂದೇ, ಪೆಟ್ಟಿಗೆಯಲ್ಲಿ ಉಳಿದಿದ್ದ ಬಿಡಿಭಾಗಗಳೂ ಒಂದೇ. ಆದರೂ ಕ್ರಯಪತ್ರದ ತಾರೀಖನ್ನೇ ರಾಹುಕಾಲದ ಗೆರೆಯಂತೆ ಎಳೆದು, ಅದರ ಈಚೆಗಿನದು ತ್ಯಾಜ್ಯ, ಆಚೆಗಿನದು ಗ್ರಾಹ್ಯ ಎಂದು ವಿಧಿಸುವ ಸಂಪ್ರದಾಯವೊಂದು ವಾದಕರಲ್ಲಿ ಬೇರೂರಿತು. ಹೊಸ ಸರಕಿನಲ್ಲಿ ಹುಟ್ಟಿದ ಅವಿಶ್ವಾಸವೇ ಹಳೆಯ ಸರಕಿನ ಬೆಲೆಯಾಯಿತು. 1970ರಲ್ಲಿ ನ್ಯಾಶ್‌ವಿಲ್ ನಗರದಲ್ಲಿ ಅಂಗಡಿ ತೆರೆದ ಜಾರ್ಜ್ ಗ್ರೂನ್ ಮೊದಲಾದ ವ್ಯಾಪಾರಿಗಳು ಹಳೆಯ ಗಿಟಾರುಗಳ ಲಕ್ಷಣಗಳನ್ನು ಸಸ್ಯಶಾಸ್ತ್ರಜ್ಞನ ಶ್ರದ್ಧೆಯಿಂದ ವರ್ಗೀಕರಿಸಿ, ಗಿರವಿ ಅಂಗಡಿಯ ಧೂಳಿನಲ್ಲಿದ್ದ ವ್ಯವಹಾರಕ್ಕೆ ಒಂದು ಶಾಸ್ತ್ರದ ಗೌರವವನ್ನು ದೊರಕಿಸಿದರು.

ಆ ಶಾಸ್ತ್ರದ ಸ್ವಾರಸ್ಯವನ್ನು ತಿಳಿಯಬೇಕಾದರೆ ಹಳೆಯ ಬೇಸೊಂದನ್ನು ಬಲ್ಲವನು ಪರೀಕ್ಷಿಸುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಮೊದಲು ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬಂದೂಕಿನ ನಳಿಗೆಯ ಮೇಲೆ ಗುರಿ ನೋಡುವಂತೆ ನೆಕ್ಕಿನುದ್ದಕ್ಕೂ ದೃಷ್ಟಿ ಹಾಯಿಸಿ, ಅದು ಬಾಗಿದೆಯೋ ತಿರುಚಿದೆಯೋ ಎಂಬುದನ್ನು ನಿಶ್ಚಯಿಸುತ್ತಾನೆ. ಬಾಗಿದ್ದರೆ ಒಳಗಿನ ಉಕ್ಕಿನ ಸರಳನ್ನು ತಿರುಗಿಸಿ ಸರಿಪಡಿಸಬಹುದು, ತಿರುಚಿದ್ದರೆ ಅದಕ್ಕೆ ಸುಲಭವಾದ ಮದ್ದಿಲ್ಲ. ಅನಂತರ ನಾಲ್ಕು ಸ್ಕ್ರೂಗಳನ್ನು ಬಿಚ್ಚಿ ನೆಕ್ಕನ್ನು ಒಡಲಿನಿಂದ ಬೇರ್ಪಡಿಸುತ್ತಾನೆ. ಅದರ ಹಿಮ್ಮಡಿಯ ಮೇಲೆ, ಕಾರ್ಖಾನೆಯ ಕೆಲಸಗಾರನು 1950ರ ದಶಕದಲ್ಲಾದರೆ ಪೆನ್ಸಿಲಿನಿಂದ ಬರೆದ, 1962ರ ಈಚೆಗಾದರೆ ಮುದ್ರೆಯೊತ್ತಿದ, ತಿಂಗಳು ವರ್ಷಗಳ ಗುರುತಿರುತ್ತದೆ. ಮೊದಮೊದಲ ನೆಕ್ಕುಗಳ ಮೇಲೆ ತಡಿಯೋ ಗೋಮೆಜ್ ಎಂಬ ಮೆಕ್ಸಿಕೋ ಮೂಲದ ಕುಶಲಕರ್ಮಿಯು ತನ್ನ ಹೆಸರಿನ ಎರಡು ಮೊದಲಕ್ಷರಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾನೆ. ಕೂಲಿಗಾಗಿ ದುಡಿದ ಆ ಮನುಷ್ಯನ ಹಸ್ತಾಕ್ಷರವನ್ನು ಈಗ ಧನಿಕರು ಭೂತಗನ್ನಡಿಯಿಟ್ಟು ಹುಡುಕುತ್ತಿದ್ದಾರೆ. ಮುಂದೆ ತಂತಿಗಳ ಕೆಳಗಿನ ಫಲಕವನ್ನೆತ್ತಿ, ಧ್ವನಿಯನ್ನು ಏರಿಳಿಸುವ ಗುಂಡಿಗಳ ಬುಡವನ್ನು ನೋಡಬೇಕು. ಅಲ್ಲಿ 3046220 ಎಂಬ ಅಂಕಿಯಿದ್ದರೆ, ಮೊದಲ ಮೂರು ಅಂಕಿಗಳು ಆ ಬಿಡಿಭಾಗವನ್ನು ಮಾಡಿದ ಸಂಸ್ಥೆಯದು, ಮುಂದಿನ ಎರಡು 1962ನೆಯ ಇಸವಿ, ಕಡೆಯ ಎರಡು ಆ ವರ್ಷದ 20ನೆಯ ವಾರ. ಬೆಸುಗೆಯ ಸೀಸವು ಮಂಕಾಗಿ, ಯಾರ ಕೈಯೂ ಸೋಂಕದಂತಿದ್ದರೆ ವ್ಯಾಪಾರಿಯ ಮುಖ ಅರಳುತ್ತದೆ. ಹೊಳೆಯುತ್ತಿದ್ದರೆ ಬೆಲೆ ಇಳಿಯುತ್ತದೆ. ಇನ್ನೊಂದು ಸಣ್ಣ ಸಾಕ್ಷಿಯುಂಟು. ಬಣ್ಣ ಹಚ್ಚುವಾಗ ಒಡಲು ಮೇಜಿಗೆ ತಾಗದಿರಲೆಂದು ಅದರ ಮುಖಕ್ಕೆ ಮೊದಲೇ ಸಣ್ಣ ಮೊಳೆಗಳನ್ನು ಹೊಡೆದು, ಬಣ್ಣವೆಲ್ಲ ಆರಿದ ಮೇಲೆ ಕೀಳುವುದು ಆಗಿನ ಕಾರ್ಖಾನೆಯ ಪದ್ಧತಿ. ಆದುದರಿಂದ ಮೊಳೆಯ ರಂಧ್ರದೊಳಗೆ ಬರಿಯ ಮರವೇ ಕಂಡರೆ ಬಣ್ಣ ಮೂಲದ್ದು. ರಂಧ್ರವು ಬಣ್ಣದಿಂದ ತುಂಬಿದ್ದರೆ ಯಾರೋ ಆಮೇಲೆ ಹೊಸದಾಗಿ ಬಳಿಸಿದ್ದಾರೆ. ಈ ಪರೀಕ್ಷೆಯಲ್ಲೆಲ್ಲ ವಾದ್ಯದ ನಾದವೆಂಬುದು ಇನ್ನೂ ಒಮ್ಮೆಯೂ ಪ್ರಸ್ತಾಪಕ್ಕೆ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಹಳೆಯದನ್ನು ಕೊಳ್ಳುವವನು ವಾದ್ಯದ ವಯಸ್ಸಿನ ಜೊತೆಗೆ ಅದು ಬಂದ ದಾರಿಯನ್ನೂ ವಿಚಾರಿಸತಕ್ಕದ್ದು. ಜೇಮರ್‌ಸನ್ನನು 1983ರ ಆಗಸ್ಟಿನಲ್ಲಿ ಮರಣಹೊಂದುವ ಕೆಲವೇ ದಿನಗಳ ಹಿಂದೆ ಕಳುವಾದ ಆತನ 1962ರ ಪ್ರಿಸಿಷನ್ ಬೇಸ್ ಮತ್ತೆ ಕಾಣಲಿಲ್ಲ. ಲಂಡನ್ನಿನಲ್ಲಿ ನಿಲ್ಲಿಸಿದ್ದ ವಾಹನದಿಂದ 1972ರಲ್ಲಿ ಮಾಯವಾದ ಮೆಕಾರ್ಟ್ನಿಯ ಹೋಫ್ನರ್ ಮತ್ತೆ ದೊರೆತ ಸುದ್ದಿ ಹೊರಬಿದ್ದುದು 2024ರಲ್ಲಿ. ಫ್ಲೋರಿಡಾದ ಜಾಕೋ ಪಾಸ್ಟೋರಿಯಸ್, ಜಾಜ್ ಬೇಸ್ ಎಂಬ ಫೆಂಡರ್ ಮಾದರಿಯ, ಬಳಸಿದ 1962ರ ವಾದ್ಯವೊಂದನ್ನು ಕೊಂಡು, ಫ್ರೆಟ್ಟುಗಳಿಲ್ಲದ ಅದರ ಹಲಗೆಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಬಳಿದು, ಅದರಿಂದ ಮನುಷ್ಯಕಂಠದಂತಹ ನಾದವನ್ನು ಹೊರಡಿಸಿದವನು. ಸಂಗ್ರಹಕಾರನ ಶಾಸ್ತ್ರದ ಪ್ರಕಾರ ಆತನು ಮಾಡಿದುದು ಘೋರಪಾತಕ. ಆ ಬೇಸ್ 1986ರಲ್ಲಿ ನ್ಯೂಯಾರ್ಕಿನಲ್ಲಿ ಕಳುವಾಗಿ, ಆತನು ತೀರಿಕೊಂಡು ಸುಮಾರು ಎರಡು ದಶಕಗಳ ಅನಂತರ ಅದೇ ಊರಿನ ಅಂಗಡಿಯೊಂದರಲ್ಲಿ ಪತ್ತೆಯಾಯಿತು.

ಹೊಸದರ ಮೇಲೆ ವಿಶ್ವಾಸವನ್ನು ಮರಳಿ ಹುಟ್ಟಿಸಿದವರು, ವಿಚಿತ್ರವೆಂದರೆ, ಜಪಾನಿನವರು. ಟೋಕಾಯ್, ಗ್ರೆಕೋ ಮೊದಲಾದ ಅಲ್ಲಿನ ಹೆಸರುಗಳಲ್ಲಿ 1970ರ ದಶಕದ ಕೊನೆಗೆ ಹೊರಟ ಪ್ರತಿಕೃತಿಗಳು ಹಳೆಯ ಫೆಂಡರುಗಳಿಗೆ ಮೂಲಕಾರ್ಖಾನೆಯ ಹೊಸ ಸರಕಿಗಿಂತ ಹೆಚ್ಚು ಹತ್ತಿರವಾಗಿದ್ದುವು. ನಕಲು ಅಸಲನ್ನು ನಾಚಿಸಿದ ಮೇಲೆ ಅಸಲಿನವರಿಗೆ ಎಚ್ಚರವಾಯಿತು. 1982ರಲ್ಲಿ ಫೆಂಡರ್ ಸಂಸ್ಥೆ ಜಪಾನಿನಲ್ಲಿಯೇ ಒಂದು ಶಾಖೆಯನ್ನು ತೆರೆದು, ಮಾತ್ಸುಮೊಟೊ ನಗರದ ಫುಜಿಗೆನ್ ಕಾರ್ಖಾನೆಗೆ ಕೆಲಸವನ್ನು ಒಪ್ಪಿಸಿದುದಲ್ಲದೆ, ತನ್ನ 1957 ಮತ್ತು 1962ರ ಮಾದರಿಗಳನ್ನು ತಾನೇ ಪುನಃ ತಯಾರಿಸತೊಡಗಿತು. 1985ರಲ್ಲಿ ಸಂಸ್ಥೆಯ ಅಧಿಕಾರಿಗಳೇ ಕೆಲವರು ವಿಲಿಯಂ ಷುಲ್ಟ್ಸ್ ಎಂಬಾತನ ನಾಯಕತ್ವದಲ್ಲಿ ಅದನ್ನು 125 ಲಕ್ಷ ಡಾಲರಿಗೆ, ಎಂದರೆ ಇಪ್ಪತ್ತು ವರ್ಷಗಳ ಹಿಂದಿನ ಬೆಲೆಗಿಂತಲೂ ಕಡಮೆಗೆ ಬಿಡಿಸಿಕೊಂಡರು. ಹತ್ತು ವರ್ಷಗಳ ತರುವಾಯ ಈ ಕಥೆ ಪ್ರಹಸನದ ರೂಪವನ್ನು ತಾಳಿತು: ಹೊಚ್ಚಹೊಸ ವಾದ್ಯದ ಬಣ್ಣವನ್ನು ಕೆರೆದು, ಲೋಹಕ್ಕೆ ತುಕ್ಕು ಹಿಡಿಸಿ, ಮೂವತ್ತು ವರ್ಷಗಳ ಬೆವರಿನ ಗುರುತನ್ನು ಕೆಲವೇ ದಿನಗಳಲ್ಲಿ ಮೂಡಿಸಿ ಮಾರುವ ಪದ್ಧತಿಯನ್ನು 1995ರಲ್ಲಿ ಅದೇ ಸಂಸ್ಥೆ ಆರಂಭಿಸಿತು. ನುಣುಪಾದ ಹೊಸತಿಗಿಂತ ಕೆರೆದ ಹೊಸತಿಗೆ ಬೆಲೆ ಹೆಚ್ಚು. ಕೊಳ್ಳುವವರನ್ನು ಹಾಸ್ಯಮಾಡುವುದು ಸುಲಭ. ಆದರೆ ಸವೆದ ನೆಕ್ಕು ಕೈಗೆ ಹಿತವೆಂಬುದನ್ನು ನುಡಿಸುವವರಾರೂ ಅಲ್ಲಗಳೆಯಲಾರರು.

ಸಿಬಿಎಸ್ ಕಾಲವನ್ನು ಹಳಿಯುವವರು ಉತ್ತರಿಸಬೇಕಾದ ಒಂದು ಆಕ್ಷೇಪವಿದೆ. ನ್ಯೂಯಾರ್ಕಿನ ಮಾರ್ಕಸ್ ಮಿಲ್ಲರ್ ತನ್ನ ತಾರುಣ್ಯದಲ್ಲಿ ಕೊಂಡು, ರೋಜರ್ ಸಡೌಸ್ಕಿ ಎಂಬ ಕುಶಲಿಯಿಂದ ವಿದ್ಯುನ್ಮಂಡಲವನ್ನು ತಿದ್ದಿಸಿಕೊಂಡು, ಮೈಲ್ಸ್ ಡೇವಿಸನ ವಾದ್ಯವೃಂದದಲ್ಲಿಯೂ ಅಸಂಖ್ಯಾತ ಧ್ವನಿಮುದ್ರಿಕೆಗಳಲ್ಲಿಯೂ ನುಡಿಸಿದ ಜಾಜ್ ಬೇಸ್ 1977ರದು, ಎಂದರೆ ತ್ಯಾಜ್ಯವೆನಿಸಿದ ಯುಗದ ನಟ್ಟನಡುವಿನದು. ಆತನ ಹೆಬ್ಬೆರಳಿನ ಹೊಡೆತದ ಆ ಖಣಖಣವಾದ ನಾದವನ್ನು ಕೇಳಿದ ಮೇಲೆ, ಭಾರವೆಂದೂ ಒರಟೆಂದೂ ಮೂಲೆಗೆ ಸೇರಿದ್ದ 1970ರ ದಶಕದ ಬೇಸುಗಳು ಮೆಲ್ಲನೆ ಅಂಗಡಿಗಳ ಮುಂಗಟ್ಟಿಗೆ ಬಂದುವು, ಅವುಗಳ ಬೆಲೆಯೂ ಏರಿತು. ಶಾಸ್ತ್ರದ ಗೆರೆ ಮಾತ್ರ ಸದ್ದಿಲ್ಲದೆ ಹತ್ತು ವರ್ಷ ಮುಂದಕ್ಕೆ ಸರಿಯಿತು.

ಈ ಕಥೆಯಲ್ಲಿ ನಮ್ಮ ಕಡೆಯ ಕಾಡಿಗೂ ಒಂದು ಪಾತ್ರವುಂಟು. ಫ್ರೆಟ್ಟುಗಳನ್ನು ಕೂರಿಸುವ ಹಲಗೆಗೆ 1959ರಿಂದ ಬ್ರೆಜಿಲಿನ ರೋಸ್‌ವುಡ್ಡನ್ನು ಬಳಸುತ್ತಿದ್ದ ಫೆಂಡರ್ ಕಾರ್ಖಾನೆ, 1960ರ ದಶಕದ ಮಧ್ಯದಲ್ಲಿ ಭಾರತದ ರೋಸ್‌ವುಡ್ಡಿಗೆ ತಿರುಗಿತು. ಮಲೆನಾಡಿನವರು ಬೀಟೆಯೆಂದು ಕರೆಯುವ, ಮೈಸೂರಿನ ಕುಶಲಕರ್ಮಿಗಳು ಕೆತ್ತಿ ಬಣ್ಣಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರಫಲಕಗಳನ್ನು ಮಾಡುವ ಮರವೇ ಅದು. ಹೀಗಾಗಿ ಬ್ರೆಜಿಲಿನ ಮರವೆಂಬುದು ಹಳೆಯದರ ಲಕ್ಷಣವಾಗಿಯೂ, ನಮ್ಮ ಬೀಟೆ ಹೊಸದರ ಲಕ್ಷಣವಾಗಿಯೂ ಪರಿಗಣಿತವಾಗಿ, ಕಣ್ಣುಕಟ್ಟಿ ನುಡಿಸಿದರೆ ಭೇದವನ್ನು ಹೇಳಲಾರದವರೂ ಮೊದಲನೆಯದಕ್ಕೆ ಹೆಚ್ಚಿನ ಹಣವನ್ನು ತೆರುವಂತಾಯಿತು. ವಿನಾಶದಂಚಿಗೆ ಬಂದ ಬ್ರೆಜಿಲಿನ ಮರವನ್ನು 1992ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ಒಪ್ಪಂದದ ಅತ್ಯಂತ ಕಟ್ಟುನಿಟ್ಟಾದ ಪಟ್ಟಿಗೆ ಸೇರಿಸಲಾಯಿತು. 2017ರ ಜನವರಿಯಿಂದ ಬೀಟೆಯೂ ಸೇರಿದಂತೆ ಆ ಕುಲದ ಮರಗಳೆಲ್ಲ ನಿಯಂತ್ರಣಕ್ಕೊಳಪಟ್ಟವು, ತಯಾರಕರನೇಕರು ಬೇರೆ ಮರಗಳನ್ನು ಅರಸಿದರು. 2019ರ ಕೊನೆಗೆ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ದೊರೆತುದರಿಂದ ಬೀಟೆಯ ಹಲಗೆಯುಳ್ಳ ಹೊಸ ಬೇಸು ಈಗ ಆ ಒಪ್ಪಂದದ ಪರವಾನಗಿಯಿಲ್ಲದೆ ದೇಶದಿಂದ ದೇಶಕ್ಕೆ ಮಾರಾಟವಾಗಿ ಹೋಗಬಹುದು. ಬ್ರೆಜಿಲಿನ ಹಲಗೆಯುಳ್ಳ 1962ರ ಬೇಸನ್ನು ಮಾರಲೆಂದು ಗಡಿ ದಾಟಿಸುವವನು ಮಾತ್ರ ಆ ಮರ ಯಾವ ಕಾಲದ್ದೆಂಬುದಕ್ಕೆ ಅಧಿಕಾರಿಗಳ ಮುಂದೆ ಪತ್ರವನ್ನು ಹಾಜರುಪಡಿಸಬೇಕು.