ಸುಣ್ಣದ ತಿಳಿಯಿಂದ ಹವಳದ ತೊಟ್ಟಿಯವರೆಗೆ

ಬೇಸಿಗೆಯಲ್ಲಿ ಸವದತ್ತಿ ಸೀಮೆಯ ಹೊಲಮನೆಗಳಲ್ಲಿ ದನ ನೀರು ಕುಡಿಯುವ ಕಲ್ಲಿನ ದೋಣಿಯನ್ನು ಕೆಲವು ದಿನ ತೊಳೆಯದೆ ಬಿಟ್ಟರೆ ಸಾಕು, ಅಂಚಿನುದ್ದಕ್ಕೂ ಹಸಿರು ಎಳೆಗಳು ತೂಗಾಡತೊಡಗುತ್ತವೆ. ತಿಕ್ಕಿ, ನೀರು ಚೆಲ್ಲಿ, ಬಿಸಿಲಿಗೆ ಒಣಗಿಸಿ, ಸುಣ್ಣ ಬಳಿದರೆ ಪಾಚಿಯ ಕಥೆ ಮುಗಿಯಿತು. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಹವಳ ಸಾಕುವವರಿಗೆ ಈ ಸುಖವಿಲ್ಲ. ಅಲ್ಲಿ ಡರ್ಬೀಸಿಯಾ, ಬ್ರಯಾಪ್ಸಿಸ್ ಮುಂತಾದ ಕೂದಲು ಪಾಚಿ ಹವಳದ ಮೈಮೇಲೆಯೇ ಹಬ್ಬಿ, ಬೆಳಕು ತಡೆದು, ಅದನ್ನು ಉಸಿರುಗಟ್ಟಿಸುತ್ತದೆ.

ಪಾಚಿಗೆ ವಿಷ ಹಾಕುವುದು ಹಳೆಯ ದಾರಿ. ದ್ರಾಕ್ಷಿ ಬೆಳೆಗಾರರಿಗೆ ಚಿರಪರಿಚಿತವಾದ ಮೈಲುತುತ್ತವನ್ನು ಚಿಟಿಕೆಯಷ್ಟು ಬೆರೆಸಿದರೂ ಕುಡಿಯುವ ನೀರಿನ ಜಲಾಶಯದ ಪಾಚಿ ಸಾಯುತ್ತದೆಂದು ಅಮೆರಿಕದ ಕೃಷಿ ಇಲಾಖೆಯ ಜಾರ್ಜ್ ಮೂರ್ ಮತ್ತು ಕಾರ್ಲ್ ಕೆಲ್ಲರ್‌ಮನ್ 1904ರಲ್ಲಿ ತೋರಿಸಿಕೊಟ್ಟರು. ಆದರೆ ತಾಮ್ರದ ಅಂಶ ಸಿಗಡಿ, ಶಂಖದ ಹುಳು, ಹವಳ ಎಲ್ಲವನ್ನೂ ಕೊಲ್ಲುತ್ತದೆ. ಹವಳದ ತೊಟ್ಟಿಯವರು ಬೇರೆ ದಾರಿ ಹುಡುಕಲೇಬೇಕಾಯಿತು.

1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಜೀವಂತ ಕಲ್ಲು (ಸೂಕ್ಷ್ಮಜೀವಿಗಳು ನೆಲೆಸಿದ ಕಡಲ ಕಲ್ಲು), ಬಿಸಿಲು, ಗಾಳಿಗುಳ್ಳೆ ಇಷ್ಟರಲ್ಲೇ ಕಡಲ ಜೀವಿಗಳನ್ನು ಸಾಕುವ ತಮ್ಮ ಪದ್ಧತಿಯನ್ನು ಬರೆದು ಪ್ರಕಟಿಸಿದರು. ಮುಂದೆ ಬರ್ಲಿನ್‌ನ ಹವ್ಯಾಸಿಗಳು ಜೀವಂತ ಕಲ್ಲಿನ ಜೊತೆ ಪ್ರೋಟೀನ್ ಸ್ಕಿಮ್ಮರ್ ಜೋಡಿಸಿದರು. ಬೆಳಗಾವಿ ಜಿಲ್ಲೆಯ ಗಾಣದಮನೆಗಳಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆದ್ದ ನೊರೆಯನ್ನು ಜಾಲಿಸಿ ತೆಗೆಯುವುದನ್ನು ಕಂಡವರಿಗೆ ಈ ಯಂತ್ರ ತಟ್ಟನೆ ಅರ್ಥವಾಗುತ್ತದೆ: ಸಣ್ಣ ಗುಳ್ಳೆಗಳಿಗೆ ಅಂಟಿದ ಕೊಳೆ ನೊರೆಯಾಗಿ ಮೇಲೇರಿ, ಕೊಳೆಯುವ ಮೊದಲೇ ಹೊರಬೀಳುತ್ತದೆ. ಇದೇ ಕಾಲದಲ್ಲಿ ಪೀಟರ್ ವಿಲ್ಕೆನ್ಸ್ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಡುವ ಕ್ರಮ ರೂಢಿಗೆ ತಂದರು. ಹವಳದ ಅಸ್ಥಿಗೆ ಬೇಕಾದ ಕ್ಯಾಲ್ಸಿಯಂ ಅದರಿಂದ ಸಿಗುತ್ತದೆ, ಪಾಚಿಯ ಮೇವಾದ ಫಾಸ್ಫೇಟಿನ ಒಂದಂಶವೂ ತಳಕ್ಕಿಳಿಯುತ್ತದೆ. ದನದ ದೋಣಿಗೆ ಬಳಿಯುವ ಸುಣ್ಣವೇ ಇದು, ಮಾಡುವ ಕೆಲಸ ಮಾತ್ರ ಬೇರೆ.

ಪಾಚಿಯಿಂದಲೇ ಪಾಚಿಯನ್ನು ಕಟ್ಟಿಹಾಕುವ ಯೋಚನೆ ಸ್ಮಿತ್‌ಸೋನಿಯನ್‌ನ ವಿಜ್ಞಾನಿ ವಾಲ್ಟರ್ ಏಡಿ ಅವರದು. ಬಲವಾದ ಬೆಳಕಿನಡಿ ಜಾಲರಿಯ ಮೇಲೆ ಪಾಚಿ ಬೆಳೆಸಿ, ಆಗಾಗ ಕೆರೆದು ತೆಗೆದರೆ, ಅದು ಹೀರಿದ ನೈಟ್ರೇಟ್, ಫಾಸ್ಫೇಟ್ ತೊಟ್ಟಿಯಿಂದಾಚೆ ಹೋಗುತ್ತವೆ. 1982ರಲ್ಲಿ ಅವರಿಗೆ ಇದರ ಪೇಟೆಂಟ್ ಸಿಕ್ಕಿತು. ಇಂದು ಪಕ್ಕದ ಪುಟ್ಟ ತೊಟ್ಟಿಯಲ್ಲಿ ಕೀಟೊಮಾರ್ಫಾ ಎಂಬ ಪಾಚಿ ಬೆಳೆಸುವುದರ ಹಿಂದೆಯೂ ಇದೇ ಲೆಕ್ಕವಿದೆ. ಇಡೀ ಇತಿಹಾಸದಲ್ಲಿ ಇಷ್ಟು ಸರಳವೂ ಸುಂದರವೂ ಆದ ಉಪಾಯ ಮತ್ತೊಂದಿಲ್ಲ.

ಪಾಚಿ ಮೇಯುವ ಪ್ರಾಣಿಗಳ ಬೆಲೆಯನ್ನು ಕಲಿಸಿದ್ದು ಕಡಲೇ. 1983ರಲ್ಲಿ ಪನಾಮಾ ಬಳಿ ಶುರುವಾದ ರೋಗವೊಂದು ಕೆರಿಬಿಯನ್‌ನ ಉದ್ದಮುಳ್ಳಿನ ಕಡಲ ಮುಳ್ಳುಚೆಂಡುಗಳನ್ನು ಬಹುತೇಕ ಅಳಿಸಿಹಾಕಿತು. ಜಮೈಕಾದಲ್ಲಿ ಮೊದಲೇ ಅತಿಯಾದ ಮೀನುಗಾರಿಕೆಯಿಂದ ಮೇಯುವ ಮೀನುಗಳೂ ಕರಗಿದ್ದವು. 1970ರ ದಶಕದ ಕೊನೆಗೆ ಅಲ್ಲಿನ ಹವಳದ ದಿಬ್ಬಗಳ ಮೇಲೆ ಶೇಕಡಾ 4ರಷ್ಟು ಹರಡಿದ್ದ ಪಾಚಿ 1990ರ ದಶಕದ ಆರಂಭಕ್ಕೆ ಶೇಕಡಾ 92ಕ್ಕೆ ಏರಿತು. ತೊಟ್ಟಿಗಳಲ್ಲಿ ಟರ್ಬೊ ಶಂಖದ ಹುಳು, ಟ್ಯಾಂಗ್ ಮೀನುಗಳಿಗೆ ಗೌರವದ ಜಾಗ ಏಕೆಂದು ಇದರಿಂದ ತಿಳಿಯುತ್ತದೆ.

ಫಾಸ್ಫೇಟನ್ನು ಹಿಡಿದಿಡುವ ಕಬ್ಬಿಣದ ಆಕ್ಸೈಡ್ ಹರಳುಗಳು ಆಮೇಲೆ ಬಂದವು. ಮನುಷ್ಯರ ಶಿಲೀಂಧ್ರ ರೋಗದ ಔಷಧ ಫ್ಲುಕೊನಜೋಲ್ ಬ್ರಯಾಪ್ಸಿಸ್ಸಿಗೂ ನಾಟುತ್ತದೆಂದು ಹವ್ಯಾಸಿಗಳು ಕಂಡುಕೊಂಡದ್ದು ಇತ್ತೀಚೆಗೆ. ಆದರೆ ಪೋಷಕಾಂಶ ತಗ್ಗದಿದ್ದರೆ ಸತ್ತ ಪಾಚಿಯ ಜಾಗದಲ್ಲಿ ಇನ್ನೊಂದು ಹುಟ್ಟುತ್ತದೆ.

ಸವದತ್ತಿಯಿಂದ ಕಡಲು ನೂರು ಕಿಲೋಮೀಟರಿಗೂ ದೂರ. ಇಲ್ಲಿ ತೊಟ್ಟಿ ಕಟ್ಟುವವರು ಲೀಟರಿಗೆ ಸುಮಾರು 35 ಗ್ರಾಂ ಕಡಲುಪ್ಪಿನ ಮಿಶ್ರಣ ಕರಗಿಸಿ ನೀರು ಸಿದ್ಧಮಾಡಬೇಕು. ಮೂಲ ನೀರು ಕೊಳವೆಬಾವಿಯದಾಗಲಿ, ಮಲಪ್ರಭೆಯದಾಗಲಿ, ಆರ್‌ಒ ಶೋಧಕ ದಾಟಿಸದೆ ಬಳಸಬಾರದು. ಹೊಲದ ಗೊಬ್ಬರದ ನೈಟ್ರೇಟ್ ಅದರಲ್ಲಿದ್ದರೆ ಮೊದಲ ದಿನವೇ ಪಾಚಿಗೆ ಊಟ ಬಡಿಸಿದಂತೆ. ಕಾನೂನೂ ನೆನಪಿರಲಿ: ಕಲ್ಲು ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರ್ಡೇಶ್ವರದೆದುರಿನ ನೇತ್ರಾಣಿ ದ್ವೀಪದಿಂದ ಒಂದು ತುಂಡು ಕಿತ್ತು ತಂದರೂ ಅಪರಾಧ.

ಉಳಿದದ್ದು ದಿನದ ಕೆಲಸ. ಮೀನು ತಿನ್ನುವಷ್ಟೇ ಮೇವು ಹಾಕಬೇಕು, ಹೆಪ್ಪುಗಟ್ಟಿದ ಸಿಗಡಿ ಕರಗಿಸಿದ ನೀರನ್ನು ಚೆಲ್ಲಬೇಕು. ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ಎಳೆದ ಪಾಚಿಯನ್ನು ತೇಲಲು ಬಿಡದೆ ಬಕೆಟ್ಟಿಗೆ ಹಾಕಬೇಕು. ತೊಟ್ಟಿಯಲ್ಲೇ ಕೊಳೆತರೆ ಅದರೊಳಗಿನ ಫಾಸ್ಫೇಟ್ ಮತ್ತೆ ನೀರಿಗೆ ಇಳಿಯುತ್ತದೆ.