ಚಿಪ್ ಪರೀಕ್ಷೆಗೆ ಕಟ್ಟಿದ ಬುತ್ತಿ

ಹಳೇಬೀಡಿನ ಹತ್ತಿರದ ಹುಲಿಕೆರೆ ಎಂದರೆ ನಿಮ್ಮಲ್ಲಿ ಹಲವರಿಗೆ ಹೊಯ್ಸಳರ ಕಾಲದ ಕಲ್ಯಾಣಿ ನೆನಪಾಗಬಹುದು. ನನಗೆ ಅದು ಹುಟ್ಟೂರು. ಕಳೆದ ದಸರಾ ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ, ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ ಪೆನ್‌ಡ್ರೈವ್ ಹಿಡಿದು ಬಂದ. ವೆರಿಲಾಗ್ ಭಾಷೆಯಲ್ಲಿ ಅವನೊಂದು ಪುಟ್ಟ ಡಿಜಿಟಲ್ ಮಂಡಲವನ್ನು ಬರೆದಿದ್ದ. "ಕಾಲೇಜಲ್ಲಿ ಸರಿಯಾಗೇ ಬಂದಿತ್ತು ಚಿಕ್ಕಪ್ಪ, ಇಲ್ಲಿ ಓಡ್ತಾನೇ ಇಲ್ಲ" ಎಂದ. ನೋಡಿದರೆ, ಮಂಡಲಕ್ಕೆ ಕೊಡಬೇಕಾದ ಇನ್‌ಪುಟ್ ಬೆಲೆಗಳ ಕಡತ ಕಾಲೇಜಿನ ಪ್ರಯೋಗಾಲಯದ ಗಣಕದಲ್ಲೇ ಉಳಿದಿತ್ತು. ಪ್ರೋಗ್ರಾಮ್ ಆ ಗಣಕದ ಫೋಲ್ಡರನ್ನೇ ಹುಡುಕುತ್ತಿತ್ತು. ಗೆಳೆಯನಿಂದ ಕಡತ ತರಿಸಿಕೊಂಡು ಓಡಿಸಿದ್ದಾಯಿತು. ಈಗ ಓಡಿತು, ಆದರೆ ಉತ್ತರ ಬೇರೆ! ಕಾಲೇಜಿನಲ್ಲಿ ಎರಡು ಕ್ಲಾಕ್ ಮಿಡಿತಗಳ ನಂತರ ಹೊರಬರುತ್ತಿದ್ದ ಸಂಕೇತ ಇಲ್ಲಿ ಒಂದೇ ಮಿಡಿತಕ್ಕೆ ಬಂದುಬಿಟ್ಟಿತು. ನನ್ನ ಲ್ಯಾಪ್‌ಟಾಪೇ ಸರಿಯಿಲ್ಲವೆಂದು ಅವನು ತೀರ್ಮಾನಿಸಿದ. ಅದು ನಿಜವೇ ಎಂಬುದನ್ನು ಆಮೇಲೆ ನೋಡೋಣ. ಅದಕ್ಕೆ ಮೊದಲು ಸ್ವಲ್ಪ ಇತಿಹಾಸ.

ಚಿಪ್ಪನ್ನು ಒಮ್ಮೆ ಸಿಲಿಕಾನಿನಲ್ಲಿ ತಯಾರಿಸಿದ ಮೇಲೆ ಅಳಿಸಿ ತಿದ್ದಲಾಗದು. ಆದ್ದರಿಂದ ಅದನ್ನು ತಯಾರಿಸುವ ಮೊದಲೇ ಗಣಕದಲ್ಲಿ ಅದರ ವರ್ತನೆಯನ್ನು ಅನುಕರಿಸಿ ನೋಡುತ್ತಾರೆ. ಇದೇ ಸಿಮ್ಯುಲೇಶನ್. ಇಂಥ ಒಂದು ಪರೀಕ್ಷೆಯಲ್ಲಿ ಮೂರು ಸಂಗತಿಗಳಿರಬೇಕು: ಮಂಡಲದ ವಿವರಣೆ, ಅದಕ್ಕೆ ಕೊಡುವ ಇನ್‌ಪುಟ್, ಬರಬೇಕಾದ ಉತ್ತರ. ಭೌತವಿಜ್ಞಾನದ ಮೇಷ್ಟರಾದ ನನಗೆ ಇದು ಪ್ರಯೋಗವೇ. ಒಬ್ಬರ ಮೇಜಿನ ಮೇಲೆ ಮಾತ್ರ ಬರುವ ಫಲಿತಾಂಶವನ್ನು ನಾವು ಫಲಿತಾಂಶ ಎನ್ನುವುದಿಲ್ಲ, ಅಲ್ಲವೇ? ಇನ್ನೊಬ್ಬರು ಇನ್ನೊಂದು ಕಡೆ ಮಾಡಿದಾಗಲೂ ಅದು ಬರಬೇಕು. ಬರಬೇಕಾದರೆ, ದೂರದ ಪ್ರಯಾಣಕ್ಕೆ ಬುತ್ತಿ ಕಟ್ಟುವಂತೆ, ಅಲ್ಲಿ ಸಿಗದುದನ್ನೆಲ್ಲ ಇಲ್ಲಿಂದಲೇ ಕಟ್ಟಿಕೊಡಬೇಕು.

ಮೊದಲ ಬುತ್ತಿಗಳು ನಿಜಕ್ಕೂ ಕಟ್ಟುಗಳೇ ಆಗಿದ್ದವು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಪೆಡರ್ಸನ್ ಅವರ ಮಾರ್ಗದರ್ಶನದಲ್ಲಿ ಲಾರೆನ್ಸ್ ನೇಗಲ್ ಬರೆದ ಸ್ಪೈಸ್ ತಂತ್ರಾಂಶ 1973ರಲ್ಲಿ ವಿದ್ವಾಂಸರ ಮುಂದೆ ಬಂತು. ಮಂಡಲವನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ಬರೆಯಬೇಕಿತ್ತು. ಕಾರ್ಡಿಗೆ 80 ಅಕ್ಷರ. ಒಂದು ಕಾರ್ಡಿನಲ್ಲಿ ಒಂದು ರೋಧಕ, ಇನ್ನೊಂದರಲ್ಲಿ ಒಂದು ಟ್ರಾನ್ಸಿಸ್ಟರ್, ಹೀಗೆ. ಮೊದಲ ಕಾರ್ಡು ಶೀರ್ಷಿಕೆ, ಕೊನೆಯದು ಮುಕ್ತಾಯದ ಕಾರ್ಡು. ಈ ಪದ್ಧತಿ ಇನ್ನೂ ಅಳಿದಿಲ್ಲ. ಸ್ಪೈಸ್‌ನ ಇಂದಿನ ಮುಕ್ತ ರೂಪವಾದ ಎನ್‌ಜಿಸ್ಪೈಸ್‌ನಲ್ಲಿ ಕಡತದ ಮೊದಲ ಸಾಲನ್ನು ಈಗಲೂ ಶೀರ್ಷಿಕೆಯೆಂದೇ ಓದಲಾಗುತ್ತದೆ. ಮೊದಲ ಸಾಲಿನಲ್ಲೇ ರೋಧಕವನ್ನು ಬರೆದು, ಅದು ಎಲ್ಲಿ ಮಾಯವಾಯಿತೆಂದು ತಲೆ ಕೆರೆದುಕೊಳ್ಳುವ ವಿದ್ಯಾರ್ಥಿಗಳನ್ನು ನಾನು ವರ್ಷವೂ ನೋಡುತ್ತೇನೆ.

ಕೇಳಿದವರಿಗೆಲ್ಲ ಸ್ಪೈಸನ್ನು ಕೊಡಬೇಕೆಂಬುದು ಪೆಡರ್ಸನ್ ಅವರ ಪಟ್ಟು. ಹಾಗಾಗಿ ಅದು ಕಾಂತೀಯ ಟೇಪುಗಳಲ್ಲಿ ಊರೂರಿಗೆ ಹೋಯಿತು. ಹೋದಲ್ಲೆಲ್ಲ ಒಂದು ತೊಡಕು ಎದುರಾಯಿತು. ಬರ್ಕ್ಲಿಯಲ್ಲಿದ್ದ ಸಿಡಿಸಿ 6400 ಗಣಕದ ಪದದ ಉದ್ದ 60 ಬಿಟ್. ಅದರಲ್ಲಿ ಸುಮಾರು 14 ದಶಮಾಂಶ ಅಂಕಿಗಳ ನಿಖರತೆ ಸಿಗುತ್ತಿತ್ತು. ಐಬಿಎಂ 360 ಬಳಗದ ಯಂತ್ರಗಳ ಸಾಮಾನ್ಯ 32 ಬಿಟ್ ಲೆಕ್ಕದಲ್ಲಿ ಸಿಗುತ್ತಿದ್ದುದು ಆರೇಳು ಅಂಕಿ ಮಾತ್ರ. ಅಲ್ಲಿ ಇಮ್ಮಡಿ ನಿಖರತೆಯಲ್ಲಿ ಲೆಕ್ಕ ಮಾಡದಿದ್ದರೆ ಅದೇ ಕಾರ್ಡುಗಳ ಅದೇ ಕಟ್ಟಿಗೆ ಉತ್ತರ ಸರಿಯಾಗಿ ದಕ್ಕುತ್ತಿರಲಿಲ್ಲ. ಇಮ್ಮಡಿಯಲ್ಲೂ ಕೊನೆಯ ಅಂಕಿಗಳು ಹೊಂದುತ್ತವೆಂಬ ಭರವಸೆ ಇಲ್ಲ. ಹೀಗಾಗಿ ಬುತ್ತಿಗೆ ನಾಲ್ಕನೆಯ ಸಂಗತಿಯೊಂದು ಸೇರಬೇಕಾಯಿತು: ಎಷ್ಟು ವ್ಯತ್ಯಾಸವನ್ನು ಒಪ್ಪಬಹುದು ಎಂಬ ಮಿತಿ. ಪುನರಾವರ್ತಿಸಿ ಲೆಕ್ಕ ಹಾಕುವಾಗ ಸ್ಪೈಸ್ ತಾನಾಗಿ ಇಟ್ಟುಕೊಳ್ಳುವ ಸಾಪೇಕ್ಷ ಮಿತಿ 0.001, ಅಂದರೆ ಸಾವಿರದಲ್ಲಿ ಒಂದು ಪಾಲು. ಅದನ್ನು ಮರೆತು ಎರಡು ಯಂತ್ರಗಳ ಉತ್ತರಗಳನ್ನು ಎಂಟು ಅಂಕಿಗಳವರೆಗೆ ಹೋಲಿಸುವುದು ವ್ಯರ್ಥ ಶ್ರಮ.

1985ರಲ್ಲಿ ಎರಡು ಘಟನೆಗಳು ನಡೆದವು. ಜಪಾನಿನ ಕ್ಯೋಟೋದಲ್ಲಿ ನಡೆದ ಸಮ್ಮೇಳನವೊಂದಕ್ಕಾಗಿ ಬ್ರಗ್ಲೆಜ್ ಮತ್ತು ಫುಜಿವಾರಾ ಎಂಬ ಸಂಶೋಧಕರು ಹತ್ತು ಮಂಡಲಗಳ ಕಟ್ಟೊಂದನ್ನು ಸಿದ್ಧಪಡಿಸಿ ಹಂಚಿದರು. ಅದುವರೆಗೆ ಪ್ರತಿ ತಂಡವೂ ತನ್ನ ವಿಧಾನವನ್ನು ತನ್ನದೇ ಮಂಡಲದ ಮೇಲೆ ಪರೀಕ್ಷಿಸಿ ತಾನೇ ಬೆನ್ನು ತಟ್ಟಿಕೊಳ್ಳುವುದು ರೂಢಿಯಾಗಿತ್ತು. ಈಗ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ! ಆದರೆ ಆ ಕಟ್ಟಿನಲ್ಲಿ ಗೇಟುಗಳ ಪಟ್ಟಿಯಿತ್ತೇ ಹೊರತು, ಮಂಡಲದ ಒಳರಚನೆ ಏನು, ಯಾವ ಭಾಗ ಯಾವ ಕೆಲಸ ಮಾಡುತ್ತದೆ ಎಂಬ ವಿವರ ಇರಲಿಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ಜಾನ್ ಹೇಯ್ಸ್ ಮತ್ತು ಸಂಗಡಿಗರು ಗೇಟುಗಳಿಂದ ಹಿಂದಕ್ಕೆ ನಡೆದು ಆ ರಚನೆಯನ್ನು ಬಿಡಿಸಿ ಪ್ರಕಟಿಸಿದ್ದು 1999ರಲ್ಲಿ. ಬುತ್ತಿಯ ಜೊತೆ ಒಂದು ಚೀಟಿ ಇಡದಿದ್ದುದಕ್ಕೆ ಹದಿನಾಲ್ಕು ವರ್ಷಗಳ ದಂಡ.

ಎರಡನೆಯ ಘಟನೆ ನಮ್ಮ ಬೆಂಗಳೂರಿನದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಆ ವರ್ಷ ಇಲ್ಲಿ ಕೇಂದ್ರ ತೆರೆಯಿತು. ಅದರ ಮೊದಲ ಕೆಲಸ ಚಿಪ್ ವಿನ್ಯಾಸಕ್ಕೆ ಬೇಕಾದ ತಂತ್ರಾಂಶವನ್ನು ಬರೆಯುವುದು. ಉಪಗ್ರಹ ಸಂಪರ್ಕದ ತಟ್ಟೆ ಆಂಟೆನಾವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆಯನ್ನು ನೀವು ಕೇಳಿರಬಹುದು. ಗಾಡಿಯ ಚಿತ್ರ ನೋಡಿ ನಗುವವರು ಆ ತಟ್ಟೆ ಯಾಕೆ ಬೇಕಿತ್ತೆಂದು ಕೇಳುವುದಿಲ್ಲ. ಬೆಂಗಳೂರಿನಲ್ಲಿ ಬರೆದ ಪ್ರೋಗ್ರಾಮ್ ಸಾವಿರಾರು ಮೈಲಿ ಆಚೆ ವಿನ್ಯಾಸಕಾರರ ಯಂತ್ರದಲ್ಲಿ ಓಡಬೇಕು. ಅಲ್ಲಿ ತಪ್ಪಿದ ಪರೀಕ್ಷೆ ಇಲ್ಲಿಗೆ ಬಂದು, ಇಲ್ಲೂ ಅದೇ ರೀತಿ ತಪ್ಪಬೇಕು. ಹಾಗೆ ತಪ್ಪದಿದ್ದರೆ ದೋಷವನ್ನು ಹುಡುಕುವುದಾದರೂ ಎಲ್ಲಿ? ಟೇಪು ಕಳಿಸಿ ದಿನಗಟ್ಟಲೆ ಕಾಯುವ ಕೆಲಸ ಇದಲ್ಲ. ಇದೇ ಕೇಂದ್ರದಿಂದ 1998ರಲ್ಲಿ 'ಅಂಕುರ್' ಎಂಬ ಸಂಕೇತ ಸಂಸ್ಕಾರಕ ಚಿಪ್ಪಿನ ವಿನ್ಯಾಸ ಹೊರಬಂತು.

ಸಣ್ಣ ಬುತ್ತಿಯ ಬಲ ಜಗತ್ತಿಗೆ ತಿಳಿದದ್ದು 1994ರಲ್ಲಿ. ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡುತ್ತಿದ್ದಾಗ ಇಂಟೆಲ್‌ನ ಪೆಂಟಿಯಂ ಗಣಕದ ಉತ್ತರ ಹೊಂದಲಿಲ್ಲ. ಅವರು ಚಿಪ್ಪನ್ನು ತಕ್ಷಣ ದೂರಲಿಲ್ಲ. ತಮ್ಮ ಪ್ರೋಗ್ರಾಮನ್ನು ಅನುಮಾನಿಸಿದರು, ಬೇರೆ ಗಣಕಗಳಲ್ಲಿ ಅದೇ ಲೆಕ್ಕ ಮಾಡಿದರು, ತಿಂಗಳುಗಳ ನಂತರ ಅಕ್ಟೋಬರ್ 30ರಂದು ಮಿಂಚಂಚೆ ಬರೆದರು. ಬಳಿಕ ಟಿಮ್ ಕೋ ಎಂಬ ಎಂಜಿನಿಯರ್ ಪರೀಕ್ಷೆಯನ್ನು ಅಂಚೆ ಕಾರ್ಡಿನಲ್ಲಿ ಹಿಡಿಸುವಷ್ಟು ಚಿಕ್ಕದು ಮಾಡಿದರು: 4195835ನ್ನು 3145727ರಿಂದ ಭಾಗಿಸಿ. ಬರಬೇಕಾದದ್ದು 1.33382, ದೋಷವಿದ್ದ ಪೆಂಟಿಯಂ ಕೊಡುತ್ತಿದ್ದುದು 1.33374. ಆ ಭಾಗಲಬ್ಧವನ್ನು ಮತ್ತೆ 3145727ರಿಂದ ಗುಣಿಸಿ ಮೂಲ ಸಂಖ್ಯೆಯಿಂದ ಕಳೆದರೆ ಸೊನ್ನೆ ಬರುವ ಬದಲು 256 ಬರುತ್ತಿತ್ತು! ಯಾರ ಮನೆಯಲ್ಲಾದರೂ ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ. ಭಾಗಾಕಾರಕ್ಕೆ ಬಳಸುವ ಕೋಷ್ಟಕದಲ್ಲಿ 1066 ಬೆಲೆಗಳಿರಬೇಕಾದಲ್ಲಿ 5 ಬಿಟ್ಟುಹೋಗಿದ್ದವು. ಕಂಪನಿಗೆ ತಗುಲಿದ ವೆಚ್ಚ 47.5 ಕೋಟಿ ಡಾಲರ್. ಸಾಧಾರಣ ಬಳಕೆದಾರರಿಗೆ ಈ ದೋಷ ಎದುರಾಗುವುದೇ ಅಪರೂಪವೆಂದು ಕಂಪನಿ ವಾದಿಸಿತ್ತು. ಅದರಲ್ಲಿ ತಥ್ಯ ಇರಲಿಲ್ಲವೆನ್ನಲಾರೆ. ಆದರೆ ಎಲ್ಲರ ಕೈಗೂ ಸಿಕ್ಕ ಪರೀಕ್ಷೆಯ ಮುಂದೆ ಆ ವಾದ ನಿಲ್ಲಲಿಲ್ಲ.

ಈಗ ಅಣ್ಣನ ಮಗನ ಮಂಡಲಕ್ಕೆ ಬರೋಣ. ವೆರಿಲಾಗ್ ಭಾಷೆ 1984ರ ಸುಮಾರಿಗೆ ಪ್ರಭು ಗೋಯಲ್ ಅವರ ಗೇಟ್‌ವೇ ಕಂಪನಿಯಲ್ಲಿ ಫಿಲ್ ಮೂರ್ಬಿ ಅವರ ಕೈಯಲ್ಲಿ ಹುಟ್ಟಿತು, 1995ರಲ್ಲಿ ಐಇಇಇ ಮಾನಕವಾಯಿತು. ಒಂದೇ ಕ್ಲಾಕ್ ಮಿಡಿತಕ್ಕೆ ಎಚ್ಚರಗೊಳ್ಳುವ ಎರಡು ತುಣುಕುಗಳಲ್ಲಿ ಯಾವುದು ಮೊದಲು ನಡೆಯಬೇಕೆಂಬುದನ್ನು ಆ ಮಾನಕ ಬೇಕೆಂದೇ ಹೇಳುವುದಿಲ್ಲ. ಹುಡುಗನ ಮಂಡಲದಲ್ಲಿ ಮೊದಲ ತುಣುಕು ಒಂದು ಪೆಟ್ಟಿಗೆಗೆ ಹೊಸ ಬೆಲೆಯನ್ನು ಹಾಕುತ್ತದೆ, ಎರಡನೆಯದು ಅದೇ ಪೆಟ್ಟಿಗೆಯಿಂದ ಓದುತ್ತದೆ. ಕಾಲೇಜಿನ ಸಿಮ್ಯುಲೇಟರ್ ಮೊದಲು ಓದಿ ಆಮೇಲೆ ಹಾಕಿತು. ನನ್ನ ಲ್ಯಾಪ್‌ಟಾಪಿನದು ಮೊದಲು ಹಾಕಿ ಆಮೇಲೆ ಓದಿತು. ಮಾನಕದ ಪ್ರಕಾರ ಎರಡೂ ಸರಿ, ತಪ್ಪಿದ್ದು ಮಂಡಲದ ಬರವಣಿಗೆ. '=' ಇದ್ದಲ್ಲಿ '<=' ಬರೆದರೆ ಎಲ್ಲ ತುಣುಕುಗಳೂ ಹಳೆಯ ಬೆಲೆಗಳನ್ನು ಓದಿ ಮುಗಿಸಿದ ಮೇಲೇ ಹೊಸವು ಒಳಗೆ ಹೋಗುತ್ತವೆ. ಕಾಲೇಜಿನ ಗಣಕವೊಂದರಲ್ಲೇ ಓಡಿಸುತ್ತಿದ್ದರೆ ಈ ದೋಷ ಅವನಿಗೆ ಕಾಣುತ್ತಲೇ ಇರಲಿಲ್ಲ. ಬೇರೆ ಪರಿಸರದಲ್ಲಿ ಮತ್ತೆ ಓಡಿಸುವುದು ಬರೀ ಅನುಕೂಲದ ಮಾತಲ್ಲ, ಅದೇ ಇನ್ನೊಂದು ಪರೀಕ್ಷೆ.

ಯಾದೃಚ್ಛಿಕ ಇನ್‌ಪುಟ್ ಬಳಸುವಾಗ ಇನ್ನಷ್ಟು ಎಚ್ಚರ ಬೇಕು. ಒಂದೇ ಬೀಜಸಂಖ್ಯೆ ಕೊಟ್ಟರೆ ವೆರಿಲಾಗ್‌ನ ಮೂಲ ಯಾದೃಚ್ಛಿಕ ಆದೇಶ ಎಲ್ಲ ಕಡೆಯೂ ಒಂದೇ ಸರಣಿಯನ್ನು ಕೊಡಲೆಂದು 2001ರ ಮಾನಕದಲ್ಲಿ ಅದರ ಲೆಕ್ಕದ ವಿಧಾನವನ್ನೇ ಅಚ್ಚು ಹಾಕಿದರು. ಆದರೆ 2005ರ ಸಿಸ್ಟಮ್‌ವೆರಿಲಾಗ್‌ನಲ್ಲಿ ನಿಬಂಧನೆಗಳಿಗೆ ಒಳಪಟ್ಟು ಯಾದೃಚ್ಛಿಕ ಬೆಲೆಗಳನ್ನು ಆರಿಸುವ ಸೌಲಭ್ಯಕ್ಕೆ ಅಂಥ ಕಟ್ಟಳೆಯಿಲ್ಲ. ಬೀಜ ಒಂದೇ ಆದರೂ ಎರಡು ಕಂಪನಿಗಳ ಸಿಮ್ಯುಲೇಟರುಗಳಲ್ಲಿ ಬೆಳೆ ಬೇರೆ. ಆದ್ದರಿಂದ ಬೀಜದ ಜೊತೆ ತಂತ್ರಾಂಶದ ಹೆಸರನ್ನೂ ಆವೃತ್ತಿಯನ್ನೂ ಬರೆದಿಡಬೇಕು. ಬೀಜವೇ ಬೇಡವೆಂದರೆ, ಹುಟ್ಟಿದ ಇನ್‌ಪುಟ್ಟನ್ನೇ ಕಡತದಲ್ಲಿ ಹಿಡಿದಿಟ್ಟು ಕಳಿಸಬೇಕು. 2011ರ ಯುವಿಎಂ, 2018ರ ಪಿಎಸ್‌ಎಸ್ ಮಾನಕಗಳು ಪರೀಕ್ಷೆಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲೆಂದೇ ಬಂದವು. ಕೈಪಿಡಿಗಳ ದಪ್ಪ ನೋಡಿ ಹೆದರಬೇಡಿ, ಉದ್ದೇಶ ಆ ಕಾರ್ಡಿನ ಕಟ್ಟಿನದೇ.

ಮಾನಕಗಳಿಂದ ಬಗೆಹರಿಯದ ತೊಡಕೂ ಒಂದಿದೆ. ಟ್ರಾನ್ಸಿಸ್ಟರಿನ ನಿಜವಾದ ವರ್ತನೆಯ ವಿವರ ಚಿಪ್ ಕಾರ್ಖಾನೆಯ ಗುಟ್ಟು. ಗೌಪ್ಯ ಒಪ್ಪಂದಕ್ಕೆ ಸಹಿ ಮಾಡಿದವರು ಅದನ್ನು ಬುತ್ತಿಯಲ್ಲಿ ಕಟ್ಟುವಂತಿಲ್ಲ. ಸಂಶೋಧನಾ ಪ್ರಬಂಧಗಳ ಎಷ್ಟೋ ಸಿಮ್ಯುಲೇಶನ್‌ಗಳನ್ನು ನೀವು, ನಾನು ಮತ್ತೆ ಮಾಡಿ ನೋಡಲಾಗದಿರುವುದು ಇದರಿಂದ. ವಿಜ್ಞಾನದ ದೃಷ್ಟಿಯಿಂದ ಇದು ನನಗೆ ಒಪ್ಪಿಗೆಯಾಗದ ಸ್ಥಿತಿ. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಕೂಡಿ 130 ನ್ಯಾನೋಮೀಟರ್ ತಂತ್ರದ ವಿವರಗಳನ್ನು ಎಲ್ಲರಿಗೂ ತೆರೆದಿಟ್ಟಾಗ ಒಂದು ಬಾಗಿಲು ತೆರೆಯಿತು. ಎನ್‌ಜಿಸ್ಪೈಸ್, ಇಕಾರಸ್ ವೆರಿಲಾಗ್, ಮುಂಬಯಿಯ ಐಐಟಿ ಹೊರತಂದ ಇಸಿಮ್ ಇವೆಲ್ಲ ಮುಕ್ತ ತಂತ್ರಾಂಶಗಳು. ಹಳ್ಳಿಯ ಶಾಲೆಯ ಗಣಕದಲ್ಲೂ ಹಾಕಿಕೊಳ್ಳಬಹುದು.

ಹುಡುಗ ಚಿಹ್ನೆಯನ್ನು ತಿದ್ದಿದ. ಇನ್‌ಪುಟ್ ಕಡತವನ್ನು ಅದೇ ಫೋಲ್ಡರಿಗೆ ಹಾಕಿ, ಸಿಮ್ಯುಲೇಟರಿನ ಆವೃತ್ತಿ, ಬರಬೇಕಾದ ಉತ್ತರ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು, ಅರಸೀಕೆರೆಯಲ್ಲಿದ್ದ ಗೆಳೆಯನಿಗೆ ಕಳಿಸಿದ. ಅರ್ಧ ಗಂಟೆಗೆ ಅಲ್ಲಿಂದ ಫೋನ್ ಬಂತು. ಇನ್ನೂ ಒಂದು ಕಡತ ಬಿಟ್ಟುಹೋಗಿತ್ತು.